ಖಾಲಿ ಬಿಟ್ಟ ಎರಡನೇ ಪುಟ

“ನಿಮ್ಮ ಆ್ಯಪ್‌ನಲ್ಲಿ ನನಗೆ ಎರಡನೇ ಪುಟ ದಾಟೋಕೇ ಆಗಲಿಲ್ಲ.”

ಮೇಜಿನ ತುದಿಯಲ್ಲಿ ಕೂತಿದ್ದವನು ಇಷ್ಟು ಹೇಳಿ, ಕನ್ನಡಕ ತೆಗೆದು ಒರೆಸತೊಡಗಿದ.

ಹಣ ಕೇಳಲು ಅವಳು ಹೂಡಿಕೆದಾರರ ಮುಂದೆ ನಿಂತಿದ್ದಳು. ಬೆನ್ನ ಹಿಂದಿನ ಪರದೆಯ ಮೇಲೆ ಅವಳ ಕಂಪನಿಯ ಹೆಸರು ದೊಡ್ಡ ಅಕ್ಷರಗಳಲ್ಲಿ ಹೊಳೆಯುತ್ತಿತ್ತು... ‘ಎದ್ದೆ’.

ಒಂಟಿಯಾಗಿ ಬದುಕುವವರಿಗೆಂದು ಅವಳು ಕಟ್ಟಿದ ಆ್ಯಪ್ ಅದು. ಬೆಳಿಗ್ಗೆ ಕಣ್ಣು ಬಿಟ್ಟ ಮೇಲೆ ಫೋನಿನಲ್ಲಿ ‘ಎದ್ದೆ’ ಎಂಬ ಹಸಿರು ಬಟನ್ ಒತ್ತಬೇಕು. ಒಂಬತ್ತರೊಳಗೆ ಒತ್ತದಿದ್ದರೆ, ಮೊದಲೇ ಕೊಟ್ಟಿರುವ ಹತ್ತಿರದವರ ನಂಬರಿಗೆ ಸುದ್ದಿ ಹೋಗುತ್ತದೆ: ‘ನಿಮ್ಮವರು ಇಂದು ಎದ್ದಿಲ್ಲ. ಒಮ್ಮೆ ವಿಚಾರಿಸಿ.’ ಇದರಲ್ಲಿ ಮಹಾ ವಿದ್ಯೆಯೇನೂ ಇರಲಿಲ್ಲ, ಆದರೆ ಅವಳು ನೌಕರಿ ಬಿಟ್ಟು, ನಿದ್ದೆ ಬಿಟ್ಟು, ಹಟಕ್ಕೆ ಬಿದ್ದು ಕಟ್ಟಿದ್ದು ಇದನ್ನೇ.

“ದಾಟೋಕೆ ಆಗಲಿಲ್ಲ ಅಂದ್ರೆ? ನಮ್ಮ ತಂಡ ಎಲ್ಲಾ ಥರದ ಫೋನ್‌ನಲ್ಲೂ ಪರೀಕ್ಷೆ ಮಾಡಿದೆ. ಹೆಸರು, ಆಮೇಲೆ ಹತ್ತಿರದವರ ನಂಬರ್. ಮಕ್ಕಳೂ ತುಂಬಬಹುದು!”

“ಮಕ್ಕಳು ತುಂಬಬಹುದು,” ಎಂದ ಅವನು ಮೆಲ್ಲಗೆ. “ಆ ಜಾಗ ಖಾಲಿ ಬಿಟ್ಟರೆ ಏನಾಗುತ್ತೆ?”

“ಖಾಲಿ ಬಿಡೋಕೆ ಬರಲ್ಲ. ಮುಂದಿನ ಪುಟ ತೆರೆಯೋದೇ ಇಲ್ಲ. ಹತ್ತಿರದವರು ಅಂತ ಒಬ್ಬರಾದ್ರೂ ಎಲ್ಲರಿಗೂ ಇರ್ತಾರಲ್ಲ ಸರ್?”

ಅವನು ಕನ್ನಡಕ ಹಾಕಿಕೊಂಡು ಮತ್ತೆ ಕೇಳಿದ.

“ಆಗಿನಿಂದ ‘ನಾವು’, ‘ನಮ್ಮ ತಂಡ’ ಅಂತಿದ್ದೀರಿ. ನಾವು ಅಂದ್ರೆ ಯಾರ್ಯಾರು?”

ಅವಳ ಜೊತೆಯಲ್ಲಿ ಕಂಪನಿ ಶುರು ಮಾಡಿದ್ದ ಗೆಳತಿ ತಿಂಗಳ ಸಂಬಳದ ಕೆಲಸ ಹಿಡಿದು ಹೋಗಿಯಾಗಿತ್ತು. ಈಗ ತಂಡವೆಂದರೆ ಅವಳು, ಅವಳ ಲ್ಯಾಪ್‌ಟಾಪು, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಒಂದು ಮೇಜು.

“ಸದ್ಯಕ್ಕೆ... ನಾನೇ,” ಎಂದಳು.

ನಡುವೆ ಕೂತಿದ್ದ ಹಿರಿಯ ಹೂಡಿಕೆದಾರೆ, ಇಡೀ ಕಚೇರಿ ‘ಮೇಡಂ’ ಎಂದಷ್ಟೇ ಕರೆಯುವ ಬೆಳ್ಳಿ ಕೂದಲಿನ ಹೆಂಗಸು, ಪೆನ್ನು ಕೆಳಗಿಟ್ಟರು. “ಯೋಚನೆ ಮಾಡಿ ತಿಳಿಸ್ತೀವಮ್ಮ.”

ಆ ಮಾತಿನ ಅರ್ಥ ಹಣ ಕೇಳಿಕೊಂಡು ಹೋದವರಿಗೆಲ್ಲ ಗೊತ್ತು.

ಲಿಫ್ಟಿನ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಾಗ ಅವಳಿಗೆ ಅಳು ಬಂತು, ಅಳುವಿನ ಬೆನ್ನಿಗೇ ಸಿಟ್ಟು. ‘ಎರಡನೇ ಪುಟ ದಾಟೋಕಾಗಲಿಲ್ಲವಂತೆ! ನೋಡೋ ಮನಸ್ಸಿರಲಿಲ್ಲ ಅಂತ ನೇರ ಹೇಳಬಾರದಾ? ಗಂಟುಮೋರೆ!’

ಅಂದಿನಿಂದ ಅವಳ ಮನಸ್ಸಿನಲ್ಲಿ ಅವನ ಹೆಸರು ಗಂಟುಮೋರೆ ಎಂದೇ ಆಯಿತು. ಬಂದ ಕಂಪನಿಗಳನ್ನು ಅಳೆದು ತೂಗಿ ಮೇಡಂಗೆ ವರದಿ ಒಪ್ಪಿಸುವುದು ಅವನ ಕೆಲಸ. ತನ್ನನ್ನಂತೂ ತೂಗದೆಯೇ ಬಿಸಾಡಿದ ಎಂದುಕೊಂಡಳು.

ಭಾನುವಾರ ಎಂದಿನಂತೆ ಅಕ್ಕನ ಫೋನ್.

“ಊಟ ಆಯ್ತೇನೇ?”

“ಆಯ್ತಕ್ಕಾ.” ಆಗಿರಲಿಲ್ಲ.

“ಕಂಪನಿ ಹೇಗಿದೆ?”

“ಸೂಪರಾಗಿದೆ! ನಮಗೆ ಉಸಿರಾಡೋಕೂ ಪುರುಸೊತ್ತಿಲ್ಲ.”

“ದನಿ ಯಾಕೋ ಸಣ್ಣಗಿದೆ...”

“ನೆಟ್‌ವರ್ಕ್ ಸರಿ ಇಲ್ಲ ಕಣೇ.”

ಪಾಪ, ನೆಟ್‌ವರ್ಕ್! ಎಷ್ಟು ಮನೆಗಳ ದುಃಖವನ್ನು ಅದು ತನ್ನ ತಲೆಯ ಮೇಲೆ ಹಾಕಿಕೊಂಡಿದೆಯೋ ಏನೋ. ನೌಕರಿ ಬಿಟ್ಟ ದಿನ ಅಕ್ಕ “ಕೈಗೆ ಬಂದ ಅನ್ನ ಕಾಲಲ್ಲಿ ಒದೀತಿದ್ದೀಯಾ” ಎಂದು ಅತ್ತಿದ್ದಳು. ಅವಳ ಮುಂದೆ ಸೋತೆ ಎನ್ನಲು ತಂಗಿಗೆ ಬಾಯಿ ಬರಲಿಲ್ಲ. ಫೋನ್ ಇಟ್ಟ ಮೇಲೆ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಒಂದೇ ತಟ್ಟೆ, ಒಂದೇ ಲೋಟ. ಅವನ್ನು ತೊಳೆದು ಬೋರಲು ಹಾಕಿದರೆ ಆ ದಿನದ ಮನೆಗೆಲಸ ಮುಗಿದಂತೆ.

ಅದಾದ ಕೆಲವು ದಿನಕ್ಕೆ ಅವಳಿಗೆ ಜ್ವರ ಬಂತು.

ಬೆಳಿಗ್ಗೆ ಕಣ್ಣು ತೆರೆದರೆ ಮೈ ಕೆಂಡ, ತಲೆ ಎತ್ತಲಾಗದಷ್ಟು ಭಾರ. ದಿಂಬಿನ ಪಕ್ಕದಲ್ಲಿದ್ದ ಫೋನ್ ಎಲ್ಲೋ ಜಾರಿ ಮಂಚದ ಕೆಳಗೆ ಬಿದ್ದಿತ್ತು. ಬಗ್ಗಿ ತೆಗೆಯೋಣವೆಂದರೆ ಕೈಯೇ ಆಡಲಿಲ್ಲ. ಕಿಟಕಿಯ ಬಿಸಿಲು ಗೋಡೆಯ ಮೇಲೆ ಇಂಚಿಂಚೇ ಇಳಿಯುವುದನ್ನು ನೋಡುತ್ತ ಮಲಗಿದ್ದಳು.

ಆಗ ಎದುರಿನ ಮೇಜಿನ ಮೇಲೆ ಇನ್ನೊಂದು ಫೋನ್ ಬಡಿದುಕೊಳ್ಳತೊಡಗಿತು. ಗ್ರಾಹಕರ ಕರೆಗಳಿಗೆಂದು ಕಂಪನಿಯ ಹೆಸರಲ್ಲಿ ತೆಗೆದುಕೊಂಡಿದ್ದ ಫೋನ್.

ಆ ಸದ್ದು ಅವಳೇ ಆರಿಸಿದ ಸದ್ದು. ಅದರ ಪರದೆಯ ಮೇಲೆ ಏನು ಬರೆದಿರುತ್ತದೆಂದು ಎದ್ದು ನೋಡಬೇಕಾಗಿರಲಿಲ್ಲ.

‘ನಿಮ್ಮವರು ಇಂದು ಎದ್ದಿಲ್ಲ. ಒಮ್ಮೆ ವಿಚಾರಿಸಿ.’

ಗೆಳತಿ ಬಿಟ್ಟು ಹೋದ ದಿನ ಅವಳ ನಂಬರನ್ನು ಆ್ಯಪ್‌ನಿಂದ ತೆಗೆಯಬೇಕಾಗಿ ಬಂದಿತ್ತು. ಆ ಜಾಗ ಖಾಲಿ ಬಿಡುವಂತಿಲ್ಲ, ಅದು ಇವಳೇ ಮಾಡಿದ ನಿಯಮ. ಅಕ್ಕನ ನಂಬರ್ ಹಾಕಿದರೆ ಅಕ್ಕನಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ಆಮೇಲೆ ಸರಿಮಾಡಿದರಾಯಿತು ಎಂದು ತನ್ನದೇ ಎರಡನೇ ಫೋನಿನ ನಂಬರ್ ಹಾಕಿ ಮರೆತುಬಿಟ್ಟಿದ್ದಳು!

ಫೋನ್ ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಇಡೀ ಲೋಕದಲ್ಲಿ ಅವಳನ್ನು ವಿಚಾರಿಸಬೇಕಾಗಿದ್ದ ಏಕೈಕ ಜೀವವೆಂದರೆ ಕೈಗೆಟುಕದ ದೂರದಲ್ಲಿದ್ದ ಆ ಫೋನು.

ಅವಳಿಗೆ ನಗು ಬಂತು. ನಗುನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು.

ಅಳು ನಿಲ್ಲುವ ಹೊತ್ತಿಗೆ ಆ ಮಾತು ನೆನಪಾಯಿತು. ‘ನನಗೆ ಎರಡನೇ ಪುಟ ದಾಟೋಕೇ ಆಗಲಿಲ್ಲ.’

ಅಯ್ಯೋ...!

ಅವನು ಆ್ಯಪನ್ನು ಬೈದದ್ದಲ್ಲ. ಅಲ್ಲಿ ಬರೆಯಲು ಅವನಿಗೆ ಯಾರೂ ಇರಲಿಲ್ಲ. ಅಂಥವನ ಮುಖಕ್ಕೇ ತಾನು, ‘ಹತ್ತಿರದವರು ಅಂತ ಒಬ್ಬರಾದ್ರೂ ಎಲ್ಲರಿಗೂ ಇರ್ತಾರಲ್ಲ ಸರ್’ ಎಂದಿದ್ದಳು!

ಜ್ವರ ಇಳಿದ ದಿನವೇ ಅವನ ಕಚೇರಿಗೆ ಫೋನ್ ಮಾಡಿದಳು.

“ನಾನು... ‘ಎದ್ದೆ’ ಆ್ಯಪ್‌ನವಳು. ಹಣದ ವಿಷಯಕ್ಕಲ್ಲ. ಕ್ಷಮೆ ಕೇಳೋಕೆ ಮಾಡಿದೆ.”

ಆ ಕಡೆಯಿಂದ ಅವನು ಕೇಳಿದ. “ನಿಮಗೆ ಹುಷಾರಿಲ್ವಾ? ದನಿ ಕೂತಿದೆ.”

ಗಂಟುಮೋರೆಯ ಬಾಯಿಂದ ಅಂಥ ಮಾತು ಬರಬಹುದೆಂದು ಅವಳು ಎಣಿಸಿರಲಿಲ್ಲ. ಅಕ್ಕನಿಗೆ ಹೇಳದೆ ಮುಚ್ಚಿಟ್ಟದ್ದೆಲ್ಲ ಈ ಅಪರಿಚಿತನ ಮುಂದೆ ಗಳಗಳನೆ ಹೊರಬಂತು. ಗೆಳತಿ ಹೋದದ್ದು, ಜ್ವರ, ಮೇಜಿನ ಮೇಲೆ ಬಡಿದುಕೊಂಡ ಫೋನ್...

“ನಿಮ್ಮ ಹತ್ತಿರದವರು ನಿಮ್ಮದೇ ಫೋನಾ?” ಅವನು ಕೇಳಿದ. ಆಮೇಲೆ ನಕ್ಕ. ಅಣಕದ ನಗುವಲ್ಲ ಅದು, ಜೊತೆಗಾರ ಸಿಕ್ಕಿದ ನಗು. “ನಾನಾದ್ರೂ ವಾಸಿ. ನನ್ನ ಹಲ್ಲಿನ ಡಾಕ್ಟರ್ ನಂಬರ್ ಹಾಕೋಣ ಅಂದ್ಕೊಂಡಿದ್ದೆ. ಪಾಪ, ಅವರಿಗ್ಯಾಕೆ ತೊಂದರೆ ಅಂತ ಬಿಟ್ಟೆ.”

“ಅವತ್ತು ಮೀಟಿಂಗಲ್ಲೇ ಬಿಡಿಸಿ ಹೇಳಬಹುದಿತ್ತಲ್ಲ?”

“ಅಷ್ಟು ಜನರ ಮುಂದೆ, ನನಗೆ ಯಾರೂ ಇಲ್ಲ ಅಂತ... ಹೇಗೆ ಹೇಳಲಿ ಹೇಳಿ?”

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

“ನಿಮ್ಮ ಆ್ಯಪ್ ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕೋ, ಅವರನ್ನೇ ಅದು ಬಾಗಿಲಲ್ಲಿ ನಿಲ್ಲಿಸ್ತಿದೆ. ಅದನ್ನ ಸರಿಮಾಡಿ. ಸರಿಮಾಡಿದ ಮೇಲೆ ಮೇಡಂ ಮುಂದೆ ಇನ್ನೊಂದು ಸಲ ಬನ್ನಿ,” ಎಂದ.

ಅವಳು ಕೂತು ಕೆಲಸಕ್ಕೆ ಬಿದ್ದಳು. ಇನ್ನು ಮುಂದೆ ಎರಡನೇ ಪುಟವನ್ನು ಖಾಲಿ ಬಿಡಬಹುದು. ಹಾಗೆ ಖಾಲಿ ಬಿಟ್ಟ ಇಬ್ಬರನ್ನು ಆ್ಯಪ್ ತಾನೇ ಜೋಡಿ ಮಾಡುತ್ತದೆ. ಇವರು ಎದ್ದದ್ದು ಅವರಿಗೆ, ಅವರು ಎದ್ದದ್ದು ಇವರಿಗೆ ತಿಳಿಯುತ್ತದೆ. ಇಬ್ಬರ ನಡುವೆ ನಿಜವಾದ ಹೆಸರಿಲ್ಲ, ವಿಳಾಸವಿಲ್ಲ, ಅಡ್ಡಹೆಸರು ಮಾತ್ರ. ಗಾಬರಿಯಾದರೆ ಆ್ಯಪ್‌ನಿಂದಲೇ ಕರೆ ಮಾಡಬಹುದು.

ಹೊಸದನ್ನು ಜನರ ಕೈಗೆ ಬಿಟ್ಟ ದಿನ ಮೊದಲು ಖಾಲಿ ಬಿಟ್ಟವಳು ಅವಳೇ. ಅಡ್ಡಹೆಸರು: ‘ಮೇಜಿನ ಫೋನ್’. ಅವನಿಗೆ ಒಂದು ಸಾಲಿನ ಸಂದೇಶ ಕಳಿಸಿದಳು. “ಬಾಗಿಲು ತೆರೆದಿದೆ.”

ಸಂಜೆಯೊಳಗೆ ಇನ್ನೊಬ್ಬರು ಬಂದರು. ಆಗ ಇದ್ದವರೇ ಇಬ್ಬರು, ಆ್ಯಪ್‌ಗೆ ಬೇರೆ ಆಯ್ಕೆ ಇರಲಿಲ್ಲ. ಜೋಡಿ ಮಾಡಿಬಿಟ್ಟಿತು. ಬಂದವರ ಅಡ್ಡಹೆಸರು ನೋಡಿ ಅವಳು ತುಟಿ ಕಚ್ಚಿದಳು.

‘ಎರಡನೇ ಪುಟ.’

ಮರುದಿನ ಬೆಳಿಗ್ಗೆ ಫೋನ್ ಸಣ್ಣಗೆ ಮಿಡಿಯಿತು. ‘ಎರಡನೇ ಪುಟ ಎದ್ದಿದ್ದಾರೆ.’ ಅವಳೂ ಒತ್ತಿದಳು. ಅಷ್ಟೇ. ಮಾತಿಲ್ಲ, ಕತೆಯಿಲ್ಲ. ಆದರೂ ಅಂದು ಕಾಫಿ ಕುಡಿಯುವಾಗ ಎಲ್ಲೋ ಇನ್ನೊಂದು ಅಡುಗೆಮನೆಯಲ್ಲಿ ಇನ್ನೊಬ್ಬರು ಲೋಟ ಹಿಡಿದಿದ್ದಾರೆ ಎಂದು ಅವಳಿಗೆ ಅನಿಸಿತು.

ದಿನಗಳು ಹೀಗೇ ಹೋದವು. ನಿಧಾನವಾಗಿ ಬೇರೆ ಬೇರೆಯವರೂ ಖಾಲಿ ಬಿಟ್ಟು ಒಳಗೆ ಬಂದರು. ಅವನು ಬೇಗ ಏಳುವವನು, ಇವಳು ಸೋಮಾರಿ. ಅವನ ಮಿಡಿತ ಬಂದ ಮೇಲೂ ಇವಳು ಬೇಕೆಂದೇ ತಡಮಾಡುವಳು. ‘ಕಾಯಲಿ ಸ್ವಲ್ಪ!’ ಆಮೇಲೆ ತನಗೇ ನಾಚಿಕೆಯಾಗಿ ಒತ್ತುವಳು. ಇಬ್ಬರಿಗೂ ಇನ್ನೊಬ್ಬರು ಯಾರೆಂದು ಗೊತ್ತು. ಇಬ್ಬರೂ ಬಾಯಿಬಿಡಲಿಲ್ಲ.

ಬಾಯಿಬಿಡುವುದಾದರೂ ಹೇಗೆ? ಅವಳು ಹಣ ಕೇಳುವವಳು, ಅವನು ಕೊಡಬಹುದು ಅಥವಾ ಬೇಡ ಎಂದು ಹೇಳುವವನು. ನಡುವೆ ಒಂದು ನಗು ಹೆಚ್ಚಾದರೂ ಜನ ಏನೆನ್ನುತ್ತಾರೆ? ‘ಕೆಲಸ ಸಾಧಿಸೋಕೆ ನಾಟಕ ಆಡಿದಳು’ ಎಂದೇ. ಸಂಜೆ ಮೇಜು ಖಾಲಿ ಮಾಡಿ, ಒಬ್ಬಳೇ ದೀಪಗಳ ಕೆಳಗೆ ನಡೆದು ಬರುವಾಗ ಅವಳು ಫೋನ್ ತೆಗೆದು ನೋಡುವಳು. ಬೆಳಗಿನ ಒಂದು ಸಾಲು ಬಿಟ್ಟರೆ ಅದರಲ್ಲಿ ಮತ್ತೇನೂ ಇರುತ್ತಿರಲಿಲ್ಲ.

ಎರಡನೇ ಸಲ ಮೇಡಂ ಮುಂದೆ ನಿಲ್ಲುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಬೆಳಿಗ್ಗೆ ಒಂಬತ್ತಾದರೂ ಮಿಡಿತ ಬರಲಿಲ್ಲ.

ಬದಲಿಗೆ ಆ ಸದ್ದು.

‘ಎರಡನೇ ಪುಟ ಇಂದು ಎದ್ದಿಲ್ಲ. ಒಮ್ಮೆ ವಿಚಾರಿಸಿ.’

ಅವಳು ತಕ್ಷಣ ಕರೆ ಮಾಡಿದಳು. ಫೋನ್ ಬಂದ್. ಮತ್ತೆ ಮಾಡಿದಳು... ಬಂದ್! ‘ಜ್ವರವಾ? ಬಿದ್ದುಬಿಟ್ಟನಾ? ಮನೆ ಎಲ್ಲಿ ಅಂತಾದ್ರೂ ಕೇಳಿಟ್ಟುಕೊಳ್ಳಬಾರದಿತ್ತಾ ನಾನು!’ ಗೊತ್ತಿದ್ದದ್ದು ಅವನ ಕಚೇರಿಯ ಬೀದಿಯೊಂದೇ. ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು, ಬಾಚದ ತಲೆಯಲ್ಲೇ ಓಡಿದಳು.

ಕಚೇರಿಯ ಎದುರಿನ ತಿರುವಿನಲ್ಲಿ ಅವಳ ಕಾಲುಗಳು ನಿಂತವು.

ರಸ್ತೆಯ ಆಚೆ, ಆಗಷ್ಟೇ ಶಟರ್ ಎತ್ತುತ್ತಿದ್ದ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಅವನು ನಿಂತಿದ್ದ. ಕೈಯಲ್ಲಿ ನೀರು ತೊಟ್ಟಿಕ್ಕುವ ಫೋನ್. ಅಂಗಡಿಯವನಿಗೆ ಕೈ ಜೋಡಿಸಿ ಏನೋ ಬೇಡಿಕೊಳ್ಳುತ್ತಿದ್ದ. ಕೋಟ್ಯಂತರ ಹಣದ ಮಾತಾಡುವಾಗಲೂ ಅಲುಗದ ಆ ಮುಖ ಈಗ ಅಳುವ ಹಾಗಿತ್ತು.

‘ಇದ್ದಾನೆ... ದೇವರೇ, ಇದ್ದಾನೆ.’

ರಸ್ತೆ ದಾಟಬೇಕೆಂದು ಹೆಜ್ಜೆ ಎತ್ತಿದಳು. ಅಷ್ಟರಲ್ಲಿ ಕಚೇರಿಯ ಬಾಗಿಲಲ್ಲಿ ಮೇಡಂ ಕಾರಿನಿಂದ ಇಳಿಯುವುದು ಕಂಡಿತು. ಎತ್ತಿದ ಹೆಜ್ಜೆ ಹಿಂದೆ ಬಂತು. ಮನೆಯ ಕಡೆ ತಿರುಗಿ ಅರ್ಧ ದಾರಿ ನಡೆದಾಗ ಕೈಯಲ್ಲಿದ್ದ ಫೋನ್ ಮಿಡಿಯಿತು; ಅಂಗಡಿಯವನು ಅವನ ಫೋನಿಗೆ ಹೇಗೋ ಜೀವ ತುಂಬಿರಬೇಕು. ‘ಎರಡನೇ ಪುಟ ಎದ್ದಿದ್ದಾರೆ.’ ಅವಳು ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಇಷ್ಟು ದಿನ ಒಂಟಿತನವೆಂದರೆ ಯಾರೂ ಇಲ್ಲದಿರುವುದು ಎಂದುಕೊಂಡಿದ್ದಳು. ಒಬ್ಬರು ಇದ್ದೂ, ರಸ್ತೆ ದಾಟಿ ಹೋಗಲಾಗದಿರುವುದು ಅದಕ್ಕಿಂತ ಕಷ್ಟವಾಗಿತ್ತು.

ಆ ಸಂಜೆ ಅವಳೇ ಅಕ್ಕನಿಗೆ ಫೋನ್ ಮಾಡಿದಳು. “ಅಕ್ಕಾ... ನಾವು ಅಂತ ಯಾರೂ ಇಲ್ಲ. ನಾನೊಬ್ಳೇ ಇದ್ದೀನಿ.”

“ಗೊತ್ತು ಕಣೇ, ಕತ್ತೆ,” ಎಂದಳು ಅಕ್ಕ, ಮೂಗೆಳೆಯುತ್ತ. “ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ. ನಾಳೆ ಹೋಗಿ ಧೈರ್ಯವಾಗಿ ಮಾತಾಡು.”

ಮರುದಿನ ಅದೇ ಕೋಣೆ, ಅದೇ ಮೇಜು. ಮೇಜಿನ ತುದಿಯಲ್ಲಿ ಅವನು. ಅವಳು ಪರದೆ ಹಚ್ಚಿ, “ನಮಸ್ಕಾರ,” ಎಂದಳೋ ಇಲ್ಲವೋ...

ಅವನು ಎದ್ದು ನಿಂತ. ಮೇಡಂ ಕಡೆ ನೋಡಿ ತಲೆಯಾಡಿಸಿದ. ಇವಳ ಕಡೆ ಒಂದು ಸಲವೂ ನೋಡದೆ ಬಾಗಿಲು ತೆಗೆದು ಹೊರಗೆ ಹೋಗಿಬಿಟ್ಟ.

ಯಾರೋ ಮುಖಕ್ಕೆ ಹೊಡೆದ ಹಾಗಾಯಿತು. ‘ಬಾ ಅಂತ ಕರೆದವನೇ ಎದ್ದು ಹೋದನಾ? ನನ್ನ ಮಾತು ಕೇಳೋಕೂ ಬೇಡವಾಯ್ತಾ?’ ಕಣ್ಣು ತುಂಬಿ ಪರದೆಯ ಅಕ್ಷರಗಳು ಕಲೆಸಿಹೋದವು.

ಆದರೂ ಅವಳು ಮಾತಾಡಿದಳು. ಈ ಸಲ ನಾವು, ನಮ್ಮ ತಂಡ ಎನ್ನಲಿಲ್ಲ.

“ಈ ಆ್ಯಪ್ ಮಾಡಿದವಳು ನಾನೊಬ್ಬಳೇ. ನನಗೂ ಎರಡನೇ ಪುಟದಲ್ಲಿ ಬರೆಯೋಕೆ ಹೆಸರಿರಲಿಲ್ಲ. ನನ್ನದೇ ಇನ್ನೊಂದು ಫೋನ್ ನಂಬರ್ ಹಾಕಿಕೊಂಡಿದ್ದೆ. ಜ್ವರ ಬಂದು ಮಲಗಿದ್ದಾಗ ಅದು ನನ್ನ ಕಣ್ಣೆದುರೇ ಹೊಡ್ಕೊಳ್ತಿತ್ತು...” ಎಂದು ಶುರುಮಾಡಿ, ಒಂದನ್ನೂ ಮುಚ್ಚಿಡದೆ ಹೇಳಿ ಮುಗಿಸಿದಳು.

ಮೇಡಂ ಗಲ್ಲಕ್ಕೆ ಕೈಕೊಟ್ಟು ಹೇಳಿದರು.

“ನಾನೂ ಹೋದ ವಾರ ಖಾಲಿ ಬಿಟ್ಟು ನೋಡಿದೆ ಕಣಮ್ಮ. ಯಾರೋ ಒಬ್ಬ ಪುಣ್ಯಾತ್ಮ ನನ್ನ ಜೋಡಿಗೆ ಬಿದ್ದಿದ್ದಾನೆ, ಕೋಳಿಗಿಂತ ಮುಂಚೆ ಏಳ್ತಾನೆ! ಮೊದಲು ಬೈಕೊಂಡೆ. ಈಗ ಅವನು ಎದ್ದ ಅಂತ ಗೊತ್ತಾದ ಮೇಲೇ ನನ್ನ ದಿನ ಶುರುವಾಗೋದು. ನಿಮ್ಮ ಕಂಪನಿಗೆ ನಾನು ಹಣ ಹಾಕ್ತೀನಿ. ಒಬ್ಬರೇ ಒದ್ದಾಡಬೇಡಿ, ಮೊದಲು ಇಬ್ಬರನ್ನ ಕೆಲಸಕ್ಕೆ ಇಟ್ಕೊಳ್ಳಿ.”

ಅವಳಿಗೆ ನಂಬಲಾಗಲಿಲ್ಲ. “ಆದ್ರೆ ಮೇಡಂ... ಅವರು ಎದ್ದು ಹೋದ್ರಲ್ಲ? ಅವರಿಗೆ ಇಷ್ಟ ಇಲ್ಲ ಅಂದ್ರೆ...”

“ಇಷ್ಟ ಇಲ್ವಾ!” ಮೇಡಂ ನಕ್ಕರು. “ಹಣದ ತೀರ್ಮಾನ ಆಗುವಾಗ ಕೇಳೋಕೆ ಬಂದವರ ಸ್ವಂತದವರು ನಮ್ಮಲ್ಲಿ ಯಾರಾದ್ರೂ ಇದ್ರೆ ಎದ್ದು ಹೊರಗೆ ಹೋಗಬೇಕು, ಅದು ನಮ್ಮಲ್ಲಿ ನಿಯಮ. ನಿನ್ನೆ ಬಂದು ಹೇಳಿದ, ‘ಮೇಡಂ, ಆ ಕಂಪನಿ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಅವರು ಎದ್ದರು ಅಂತ ತಿಳಿಯೋವರೆಗೆ ನನಗೆ ಕಾಫಿ ಗಂಟಲಲ್ಲಿ ಇಳಿಯಲ್ಲ.’ ಇಂಥವನನ್ನ ಕೂರಿಸಿಕೊಂಡು ನಾನೇನು ಲೆಕ್ಕ ಹಾಕಲಿ? ಹೋಗು, ಮೆಟ್ಟಿಲ ಹತ್ರ ಇರ್ತಾನೆ.”

ಸ್ವಂತದವರು! ಆ ಒಂದು ಮಾತು ಕಿವಿಯಲ್ಲೇ ಉಳಿಯಿತು.

ಅವನು ನಿಜವಾಗಿಯೂ ಮೆಟ್ಟಿಲ ಮೇಲೆ ಕೂತಿದ್ದ, ಶಾಲೆಯಿಂದ ಹೊರಗೆ ಕಳಿಸಿದ ಹುಡುಗನ ಹಾಗೆ. ಅವಳನ್ನು ಕಂಡು ತಟ್ಟನೆ ಎದ್ದ.

“ಏನಾಯ್ತು?”

“ಕೊಡ್ತಾರಂತೆ.”

“ಒಳ್ಳೇದಾಯ್ತು,” ಎಂದ. ಕನ್ನಡಕ ತೆಗೆದು ಒರೆಸತೊಡಗಿದ. ಸಿಟ್ಟು ಬಂದಾಗಲ್ಲ, ಕಣ್ಣು ತುಂಬಿದಾಗ ಅವನು ಹೀಗೆ ಮಾಡುತ್ತಾನೆಂದು ಅವಳಿಗೆ ಈಗ ತಿಳಿಯಿತು.

“ಹೇಳದೆ ಎದ್ದು ಹೋದ್ರಿ. ನನ್ನ ಪ್ರಾಣ ಹೋದ ಹಾಗಾಯ್ತು ಗೊತ್ತಾ?”

“ನಿಮ್ಮ ಮುಖ ನೋಡಿದ್ರೆ ಹೊರಗೆ ಹೋಗೋಕಾಗ್ತಿರಲಿಲ್ಲ.” ಕನ್ನಡಕ ಹಾಕಿಕೊಂಡು ಹೇಳಿದ. “ನಿನ್ನೆ ಬೆಳಿಗ್ಗೆ ಫೋನ್ ಬಕೆಟ್‌ಗೆ ಬಿತ್ತು. ಅಂಗಡಿ ಮುಂದೆ ನಿಂತಿದ್ದಾಗ ರಸ್ತೆ ಆಚೆ ಯಾರೋ ಓಡಿ ಬಂದ್ರು. ತಲೆ ಬಾಚಿರಲಿಲ್ಲ. ಒಂದು ಕಾಲಿಗೆ ನೀಲಿ ಚಪ್ಪಲಿ, ಇನ್ನೊಂದಕ್ಕೆ ಕಂದು.”

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. “ನೋಡಿದ್ರಾ?!”

“ನನ್ನನ್ನ ಹುಡುಕಿಕೊಂಡು ಯಾರೂ ಯಾವತ್ತೂ ಓಡಿ ಬಂದಿರಲಿಲ್ಲ,” ಎಂದ ಅವನು. “ಅದನ್ನ ನೋಡಿದ ಮೇಲೆ ನಾನು ಆ ಮೇಜಿನ ಹತ್ರ ಹೇಗೆ ಕೂರಲಿ? ನೀವು ಅಂದ್ರೆ ನನಗೆ ಇಷ್ಟ. ತುಂಬಾ... ತುಂಬಾ ಇಷ್ಟ.”

ಅವಳಿಗೂ ಹೇಳುವುದು ಬೆಟ್ಟದಷ್ಟಿತ್ತು. ಫೋನ್ ತೆಗೆದಳು. ಎರಡನೇ ಪುಟ ತೆರೆದು ಅವನ ಕೈಗಿಟ್ಟಳು.

“ನಿಮ್ಮ ನಂಬರ್ ಹಾಕಿ. ಆ್ಯಪ್ ಮಾಡಿದ ಜೋಡಿ ಸಾಕು. ಇದು ನಾನೇ ಹಾಕಿಸ್ತಿರೋದು.”

ಅವನು ಮೆಟ್ಟಿಲ ಮೇಲೆ ಕೂತು, ಪರೀಕ್ಷೆ ಬರೆಯುವವನ ಶ್ರದ್ಧೆಯಿಂದ ಒಂದೊಂದೇ ಅಂಕಿ ಒತ್ತಿದ. ಅವಳು ಪಕ್ಕದಲ್ಲಿ ಕೂತಳು. ಅವನ ಬೆರಳು ನಿಂತಿತು.

“ಕೆಳಗೆ ‘ಸಂಬಂಧ’ ಅಂತ ಕೇಳ್ತಿದೆ. ಏನು ಬರೀಲಿ?”

ಅವಳು ಅವನ ಭುಜಕ್ಕೆ ಮೆಲ್ಲಗೆ ತಲೆಯಾನಿಸಿದಳು.

“ಸದ್ಯಕ್ಕೆ ಖಾಲಿ ಬಿಡಿ.”

“ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುತ್ತಾ?”

“ತೆರೆಯುತ್ತೆ. ನೀವು ಹೇಳಿದ್ದಕ್ಕೇ ತಾನೇ ಬದಲಾಯಿಸಿದ್ದು? ಆಮೇಲೆ... ನಾವಿಬ್ರೂ ಸೇರಿ ತುಂಬೋಣ.”